ಕನ್ನಡಿಯೊಳಗಿನ ಮೊಗ್ಗಿನ ಜಡೆ

ನನ್ನ ಬಾಲ್ಯದ ಫೋಟೋ ಅಂತ ಉಳಿದಿರುವುದು ಒಂದೇ. ಅದರಲ್ಲಿ ನಾನು ಜರಿಲಂಗ ತೊಟ್ಟು, ಮೂಗುಬೊಟ್ಟು ಹಾಕಿಕೊಂಡು, ಅರಸೀಕೆರೆಯ ಸ್ಟುಡಿಯೋದಲ್ಲಿ ಓರೆಯಾಗಿ ನಿಂತಿದ್ದೇನೆ. ಬೆನ್ನ ಹಿಂದೆ ಕನ್ನಡಿ. ಚೌರಿ ಸೇರಿಸಿ ಹೆಣೆದ ಮೊಗ್ಗಿನ ಜಡೆ ಅದರಲ್ಲಿ ಪೂರ್ತಿ ಕಾಣುತ್ತದೆ. ಜವಳ ತೆಗೆಸುವ ಮೊದಲು ಗಂಡುಮಗುವಿಗೂ ಜಡೆ ಹಾಕಿ ಫೋಟೋ ತೆಗೆಸುವುದು ನಮ್ಮ ಕಡೆ ಹೊಸದಲ್ಲ. ಎಷ್ಟೋ ಮನೆಗಳ ಮೀಸೆ ಹೊತ್ತ ಯಜಮಾನರು ಆಲ್ಬಮ್ಮಿನಲ್ಲಿ ಹಾಗೆ ಜಡೆ ಬಿಟ್ಟುಕೊಂಡು ನಿಂತಿರುತ್ತಾರೆ, ಮನೆಮಂದಿ ನೋಡಿ ನಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಅಮ್ಮ ಅದನ್ನು ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟಿದ್ದಳು.

ನನಗಿಂತ ಮೊದಲು ಹುಟ್ಟಿದ ಎರಡು ಗಂಡುಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಅದಕ್ಕೆ ನಾನು ಹುಟ್ಟಿದಾಗ ಗಂಡಸಿ ಎಂಬ ಊರಲ್ಲಿದ್ದ ಅಜ್ಜಿ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯವಳು ಎತ್ತಿಕೊಂಡ ಮೇಲೆ ಅವಳಿಗೆ ಒಂದು ಮೊರ ತೌಡು ಕೊಟ್ಟು ವಾಪಸು ಕೊಂಡುಕೊಂಡಳಂತೆ. ಯಾರಿಗೂ ಬೇಡದ ಕೂಸು ಎಂದು ಸಾವು ನಂಬಲಿ ಅಂತ. ಅದೂ ಸಾಲದೆಂದು ಮೂಗು ಚುಚ್ಚಿಸಿ ಲಂಗ ತೊಡಿಸಿದರು. ಗಂಡುಮಗುವನ್ನು ಹುಡುಕಿಕೊಂಡು ಬಂದ ಸಾವು ಹೆಣ್ಣು ಕಂಡು ಹಿಂದಿರುಗಬೇಕು. ಹೊತ್ತು ಮುಳುಗುವಾಗ ಬೀದಿಯಲ್ಲಿ ಯಾರಾದರೂ ‘ಮಗು ಯಾವ್ದವ್ವ?’ ಎಂದರೆ ಅಮ್ಮ ಥಟ್ಟನೆ ‘ಹೆಣ್ಣು’ ಎನ್ನುತ್ತಿದ್ದಳು. ಹಾಗೆ ಹೇಳುವಾಗ ಬೆರಳು ನೋಯುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದಿರುತ್ತಿದ್ದಳು. ಭಯ ಎಂಬುದು ನನಗೆ ಮೊದಲು ಗೊತ್ತಾದದ್ದು ಆ ಹಿಡಿತದಿಂದ.

ಹಾರನಹಳ್ಳಿಯ ಗುಡಿಯಲ್ಲಿ ಜವಳವಾಯಿತು. ಬೋಳುತಲೆಯ ಮೇಲೆ ಗಂಧ ಹಚ್ಚಿ, ಚಡ್ಡಿ ತೊಡಿಸಿ, ಇನ್ನು ಗಂಡಾಂತರ ಕಳೆಯಿತು ಎಂದರು. ಮರುದಿನ ಬೆಳಿಗ್ಗೆ ನಾನು ಎದ್ದವನೇ ಅಭ್ಯಾಸದಂತೆ ಲಂಗ ತೊಟ್ಟು ಜಗಲಿಗೆ ಬಂದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಆಗ ಸೈಕಲ್ ಒರೆಸುತ್ತಿದ್ದರು. ಕೈಯಲ್ಲಿದ್ದ ಬಟ್ಟೆಯಿಂದಲೇ ಮುಖಕ್ಕೆ ಬಾರಿಸಿದರು. ‘ಇನ್ನೊಂದ್ಸಲ ಇದನ್ನ ಮುಟ್ಟಿದ್ರೆ ಕಾಲು ಮುರಿದಾಕ್ತೀನಿ’ ಎಂದರು. ಹಿಂದಿನ ದಿನದವರೆಗೆ ನನ್ನ ಜೀವ ಕಾಯ್ದಿದ್ದ ಲಂಗ ಅದು. ಅದನ್ನು ಬಿಟ್ಟರೆ ಸಾಯುತ್ತೀಯ ಎಂದವರೇ ಈಗ ತೊಟ್ಟರೆ ಸಾಯಿಸುತ್ತೇನೆ ಎಂದರೆ ಮಗು ಎಲ್ಲಿಗೆ ಹೋಗಬೇಕು? ಅಂದಿನಿಂದ ಹೇಗೆ ಕೂತೆ, ಹೇಗೆ ನಡೆದೆ, ಕೈ ಎಷ್ಟು ಆಡಿಸಿದೆ ಎಂದು ನನ್ನನ್ನು ನಾನೇ ಕಾಯುತ್ತಾ ಬೆಳೆದೆ. ಶಾಲೆಯಲ್ಲಿ ಯಾರನ್ನೋ ‘ಹೆಣ್ಣಿಗ’ ಎಂದು ರೇಗಿಸಿದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನನ್ನ ಕೈ ಮೂಗಿಗೆ ಹೋಗುತ್ತಿತ್ತು. ಅಲ್ಲಿನ ತೂತು ಇವತ್ತಿಗೂ ಪೂರ್ತಿ ಮುಚ್ಚಿಲ್ಲ.

ಈಗ ನಾನು ಹಳೇಬೀಡಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆಯಲ್ಲಿ ಕತ್ತರಿ ಹಿಡಿದು ಕೊಲಾಜ್ ಮಾಡುತ್ತೇನೆ. ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆ, ಬಿಸ್ಕತ್ತಿನ ಹಾಳೆ, ಶಾಲೆಯ ಗೋಡೆಯಿಂದ ಕಿತ್ತು ಬಿಸಾಡಿದ ಚಾರ್ಟುಗಳು, ಎಲ್ಲವನ್ನೂ ಮೈದಾ ಅಂಟಿನಲ್ಲಿ ಅಂಟಿಸುತ್ತೇನೆ. ‘ನಮ್ಮ ಕುಟುಂಬ’ ಎಂಬ ಚಾರ್ಟನ್ನು ಎಷ್ಟು ಸಲ ಕತ್ತರಿಸಿದ್ದೇನೋ. ಅದರಲ್ಲಿನ ಅಪ್ಪ ಇಷ್ಟು ವರ್ಷವಾದರೂ ಅದೇ ಪೇಪರು ಓದುತ್ತಿದ್ದಾನೆ, ಅಮ್ಮ ಸೌಟು ಕೆಳಗಿಟ್ಟಿಲ್ಲ, ಹುಡುಗನ ಕೈಯಲ್ಲಿ ಚೆಂಡು, ಹುಡುಗಿಯ ಕೈಯಲ್ಲಿ ಗೊಂಬೆ. ನನಗೆ ಅವರ ಮೇಲೆ ಸಿಟ್ಟು.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಿಂದ ಆ ಫೋಟೋ ತೆಗೆದು ದೊಡ್ಡದು ಮಾಡಿಸಿದೆ. ಬೇಲೂರಿನಲ್ಲಿ ಮೇಷ್ಟ್ರುಗಳೆಲ್ಲ ಸೇರಿ ಚಿತ್ರಪ್ರದರ್ಶನ ಮಾಡುವುದಿತ್ತು, ಅದಕ್ಕಾಗಿ. ಫೋಟೋದ ಹುಡುಗಿಯನ್ನು ಚಾರ್ಟಿನ ಕುಟುಂಬದ ನಡುವೆ ನಿಲ್ಲಿಸಿದೆ. ಹಿಂದಿನ ಕನ್ನಡಿಯಲ್ಲಿ ಜಡೆಯ ಮೇಲ್ತುದಿಗೆ ನನ್ನ ಈಗಿನ ಮೀಸೆಯ ಮುಖ ಅಂಟಿಸಿದೆ. ಯಾರು ಇದು ಎಂದು ಕೇಳಿದರೆ ‘ನಾನೇ’ ಎನ್ನಬೇಕು, ಅಷ್ಟೇ ನನ್ನ ಆಸೆ. ಒಂದು ಸಲ ಎಲ್ಲರೆದುರು ಹಾಗೆಂದುಬಿಟ್ಟರೆ ಜಗಲಿಯ ಮೇಲಿನ ಆ ಏಟು ಮುಗಿಯುತ್ತದೆ ಅನ್ನಿಸಿತ್ತು. ಹಾಗೆಂದು ಧೈರ್ಯವಿತ್ತು ಎಂದಲ್ಲ. ನೋಡಲು ಬರುವವರು ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರೇ.

ಅಂಟು ಒಣಗಲು ಗೋಡೆಗೆ ಒರಗಿಸಿದ್ದ ಚಿತ್ರವನ್ನು ನನ್ನ ಜೊತೆಯಲ್ಲೇ ಇರುವ ಅಮ್ಮ ನೋಡಿದಳು. ನೋಡಿದವಳು ಬಾಗಿಲ ಚಿಲಕ ಹಾಕಿದಳು.

‘ನಾಚ್ಕೆನಾ ಅಮ್ಮ?’ ಎಂದೆ. ಇಷ್ಟು ವರ್ಷ ಅವಳು ಅದನ್ನು ಬಚ್ಚಿಟ್ಟದ್ದು ನಾಚಿಕೆಗೆ ಎಂದೇ ತಿಳಿದಿದ್ದೆ.

‘ನಾಚ್ಕೆ ಯಾತುರ್ದು? ಆ ಮೀಸೆ ಮುಖ ಕಿತ್ತಾಕು’ ಎಂದಳು. ‘ಎಲ್ಡನ್ನೂ ಒಟ್ಟಿಗ್ ಇಟ್ಟಿದೀಯಲ್ಲೋ. ನೋಡಿದ್ರೆ ಗೊತ್ತಾಗಕಿಲ್ವಾ?’

‘ಯಾರಿಗೆ?’

ಅವಳು ಹೆಸರು ಹೇಳಲಿಲ್ಲ. ಚಿಲಕ ಹಾಕಿದ ಬಾಗಿಲ ಕಡೆ ನೋಡಿದಳು. ‘ಆಗ್ಲೇ ಎಲ್ಡು ಕೂಸ್ನ ತಗಂಡೋಗೈತೆ’ ಎಂದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆದರೂ ಹಟಕ್ಕೆ ಬಿದ್ದು ಮುಖ ಕೀಳಲಿಲ್ಲ.

ಪ್ರದರ್ಶನದ ದಿನ ‘ನಾನೂ ಬತ್ತೀನಿ’ ಎಂದು ಹೊರಟಳು. ಬಸ್ಸಿನಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಚಿತ್ರ ನನ್ನ ಮೊಣಕಾಲ ಮೇಲಿತ್ತು. ‘ದೇವ್ರ ಫೋಟೋನಾ ಮೇಷ್ಟ್ರೇ?’ ಎಂದು ಪಕ್ಕದವರು ಕೇಳಿದಾಗ ಹೌದು ಎಂದೆ. ಬೇಲೂರಿನ ಸಭಾಂಗಣದಲ್ಲಿ ಅಮ್ಮ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ನನ್ನ ಚಿತ್ರದ ಪಕ್ಕವೇ ಕಾವಲು ಕೂತಳು.

ಹನ್ನೊಂದರ ಹೊತ್ತಿಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದು ತುಂಬ ಹೊತ್ತು ನೋಡಿದರು. ‘ಎಷ್ಟು ಲಕ್ಷಣವಾಗವ್ಳೆ. ಯಾರು ಮೇಷ್ಟ್ರೇ ಈ ಹುಡುಗಿ?’ ಎಂದರು. ನಾನು ಕಾಯುತ್ತಿದ್ದ ಪ್ರಶ್ನೆ. ಬಾಯಿ ತೆರೆದೆ. ಅಮ್ಮ ನನ್ನ ಕೈ ಹಿಡಿದಳು, ಅದೇ ಹಳೆಯ ಹಿಡಿತ, ಬೆರಳು ನೋಯುವಂಥದ್ದು.

‘ನನ್ನ ಮಗಳು ಕಣವ್ವ. ಚಿಕ್ಕೋಳಿದ್ದಾಗ್ಲೇ ಹೋಗ್ಬಿಟ್ಳು’ ಎಂದಳು. ‘ಇವ್ನು ತಮ್ಮ. ಅಕ್ಕನ್ನ ನೆನಸ್ಕಂಡು ಮಾಡವ್ನೆ.’

‘ನಾನೇ’ ಎನ್ನಲು ಇನ್ನೂ ಸಮಯವಿತ್ತು. ಅಮ್ಮನ ಮುಖ ನೋಡಿದೆ. ಅವಳು ನನ್ನನ್ನಾಗಲಿ ಆ ತಾಯಿಯನ್ನಾಗಲಿ ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು, ಅಲ್ಲಿ ನಿಂತವರಿಗೂ ಕೇಳಿಸಲಿ ಎಂಬಂತೆ. ನಾನು ಹೌದೆಂದು ತಲೆಯಾಡಿಸಿದೆ. ಆ ಹೆಂಗಸು ‘ಅಯ್ಯೋ ಪಾಪ’ ಎಂದು ತಮ್ಮ ಮುಡಿಯಿಂದ ಕಾಕಡ ಹೂವಿನ ಒಂದು ತುಂಡು ಬಿಡಿಸಿ ಚಿತ್ರದ ಚೌಕಟ್ಟಿಗೆ ಸಿಕ್ಕಿಸಿದರು. ಅಮ್ಮ ಹೇಳಿದ್ದು ಪೂರಾ ಸುಳ್ಳೇನಲ್ಲ, ಲಂಗ ತೊಟ್ಟಿದ್ದ ಒಬ್ಬಳು ಚಿಕ್ಕಂದಿನಲ್ಲೇ ಹೋಗಿದ್ದಳು, ನಾನು ಇಷ್ಟು ವರ್ಷ ಅವಳಿಗಾಗಿ ಅತ್ತಿರಲಿಲ್ಲ ಅಷ್ಟೇ. ಕಣ್ಣು ತುಂಬಿತು. ನೋಡಿದವರು ಅಕ್ಕನ ಮೇಲೆ ಎಷ್ಟು ಪ್ರೀತಿ ಎಂದುಕೊಂಡರು.

ಚಿತ್ರ ಮನೆಗೆ ಬಂದ ಮೇಲೆ ಅಮ್ಮ ಹೂವು ತೆಗೆಯಲು ಬಿಡಲಿಲ್ಲ. ‘ಇರ್ಲಿ. ಅವ್ಳಿಗೆ ಹೂ ಇರಗಂಟ ನಿಂಗೇನೂ ಆಗಕಿಲ್ಲ’ ಎಂದಳು. ಈಗ ಅದು ಅಪ್ಪನ ಫೋಟೋದ ಪಕ್ಕ ತೂಗುತ್ತಿದೆ. ದಿನಾ ಬೆಳಿಗ್ಗೆ ಅಮ್ಮ ಇಬ್ಬರಿಗೂ ಹೂವಿಡುತ್ತಾಳೆ, ನಾನು ಟಿಫಿನ್ ಡಬ್ಬಿ ಹಿಡಿದು ಚಿತ್ರದ ಹುಡುಗಿಯ ಕೆಳಗಿಂದ ಹಾದು ಶಾಲೆಗೆ ಹೋಗುತ್ತೇನೆ. ಬಂದವರು ಯಾರು ಎಂದು ಕೇಳಿದರೆ ಅಮ್ಮನಿಗಿಂತ ಮೊದಲು ನಾನೇ ‘ಅಕ್ಕ’ ಎನ್ನುತ್ತೇನೆ.

ಹೂವು ತರುವ ಕೆಲಸ ನನ್ನದು. ಮೊನ್ನೆ ಶಾಲೆಯಿಂದ ಬಂದವನು ಹೂವು ಮರೆತು ಮನೆ ಬಾಗಿಲವರೆಗೂ ನಡೆದುಬಿಟ್ಟಿದ್ದೆ. ಇವೆಲ್ಲ ನಂಬುವವನಲ್ಲ ನಾನು. ಆದರೂ ಒಳಗೆ ಕಾಲಿಡದೆ, ಬಸ್ ಸ್ಟ್ಯಾಂಡಿನವರೆಗೆ ಓಡಿಹೋಗಿ ಒಂದು ಮೊಳ ತಂದೆ.