ಅಜ್ಜಿಯ ಮೀನಾಕಾರಿ ಓಲೆ

ನಿನ್ನೆ ರಾಯಚೂರಿನ ಅಂಗಡಿಯೊಂದರಲ್ಲಿ ಗಾಜಿನಂತೆ ಹೊಳೆಯುವ ಹಸಿರು ಮೀನಾಕಾರಿ ಲೇಪದ ಬಂಗಾರದ ಓಲೆ ನೋಡಿ ನಿಂತುಬಿಟ್ಟೆ.

ಚಿಕ್ಕವಳಿದ್ದಾಗ ದೇವದುರ್ಗದಲ್ಲಿ ಅಜ್ಜಿ ತನ್ನ ಮದುವೆಯ ಅಂಥದೇ ಓಲೆಗಳನ್ನು ನನಗೆ ಹಾಕಿದ್ದಳು. ಒಂದು ಕಿವಿ ಬಾತು, ಕೀವು ತುಂಬಿ, ತಿರುಪು ಒಳಗೇ ಹುದುಗಿತು. ಅವ್ವ ಗಾಬರಿಯಿಂದ ನನ್ನನ್ನೆತ್ತಿಕೊಂಡು ಅಕ್ಕಸಾಲಿಗ ಪತ್ತಾರನ ಅಂಗಡಿಗೆ ಓಡಿದಳು. ಅಜ್ಜಿಯೂ ಹಿಂದೆಯೇ ಬಂದಳು.

"ಓಲಿ ಕತ್ತರಿಸಬೇಕು ಯವ್ವಾ, ಮೀನಾ ಸಿಡೀತದ. ಇಂಥ ಹಸಿರು ಹಾಕೋರು ಈಗ ಯಾರೂ ಇಲ್ಲ," ಎಂದ ಪತ್ತಾರ.

ಅವ್ವ ಹೆದರುತ್ತ ತನ್ನ ಅತ್ತೆಯ, ಅಂದರೆ ಅಜ್ಜಿಯ ಮುಖ ನೋಡಿದಳು.

"ನೋಡ್ಕೋತ ಕುಂತೀಯೇನಪಾ? ಮೊದ್ಲು ಕೂಸಿನ ಕಿವಿ ಉಳಸು!" ಅಜ್ಜಿ ಗದರಿದಳು.

ಕತ್ತರಿ ಆಡಿತು. ಹಸಿರು ಚೂರುಗಳು ನನ್ನ ಲಂಗದ ಮೇಲೆ ಉದುರಿದವು. ಅಜ್ಜಿ ಅವುಗಳ ಕಡೆ ನೋಡಲೇ ಇಲ್ಲ. ನನ್ನ ಕಿವಿಗೆ ಊದುತ್ತ ಕುಳಿತಳು.

ಈಗ ಅಜ್ಜಿ ಇಲ್ಲ. ಉಳಿದ ಒಂಟಿ ಓಲೆ ನನ್ನ ಹತ್ತಿರವಿದೆ.