ಅಕ್ಕನ ಬಲಗೈ

ಮೊನ್ನೆ, ನಾನೀಗ ಇರುವ ನವನಗರದ ಅಂಗಡಿಯೊಂದರಲ್ಲಿ ಮೊಮ್ಮಗಳಿಗೆ ಇಳಕಲ್ ಸೀರೆ ಆರಿಸುತ್ತಿದ್ದೆ. ನನ್ನ ಹೆಬ್ಬೆರಳು ತಾನಾಗಿಯೇ ಒಡಲೂ ಸೆರಗೂ ಕೂಡುವ ಜಾಗಕ್ಕೆ ಹೋಯಿತು. ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಸಿಕ್ಕಿಸುವ ಆ ಕೊಂಡಿ... ಅದನ್ನು ನನಗೆ ಕಲಿಸಿದವಳು ಪಕ್ಕದ ಮನೆಯ ಅಕ್ಕ.

ಎಪ್ಪತ್ತರ ದಶಕದ ಮಾತು. ನಾನು ಇಳಕಲ್ಲಿಗೆ ಸೊಸೆಯಾಗಿ ಬಂದು ವರ್ಷವಾಗಿತ್ತು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ತಂದೆತಾಯಿ ಇಲ್ಲದ ಮನೆಯಲ್ಲಿ ತಂಗಿಯನ್ನು ಸಾಕಿ, ತಾನು ಮದುವೆಯಾಗದೆ ಅವಳನ್ನು ಹುನಗುಂದಕ್ಕೆ ಕೊಟ್ಟಿದ್ದಳು. ಕೊಂಡಿ ಹಾಕುವುದಕ್ಕೆ ಓಣಿಗೆಲ್ಲ ಅವಳದೇ ಕೈ ಬೇಕು. ನಾನು ಹರಟುತ್ತ ಎಳೆ ತಪ್ಪಿಸಿದರೆ, “ಇಕಿಗೆ ಕೈ ಕೆಸರಾಗೂದು ಬ್ಯಾಡ, ಬಾಯಿಗೆ ಮೊಸರು ಮಾತ್ರ ಬೇಕು” ಎಂದು ನಗುತ್ತ ಬೆರಳ ಮೇಲೆ ಹೊಡೆಯುತ್ತಿದ್ದಳು.

ಗಂಡ ಹೊಡೆಯುತ್ತಾನೆ, ಬಂದು ಕರಕೊಂಡು ಹೋಗು ಎಂದು ತಂಗಿ ಹೇಳಿಕಳಿಸಿದ್ದಳು. ಅಕ್ಕ ಹೊರಡುವಷ್ಟರಲ್ಲಿ, ತಂಗಿ ಉರುಲು ಹಾಕಿಕೊಂಡಳೆಂಬ ಸುದ್ದಿಯೇ ಬಂತು. ನಾನೂ ಜೊತೆಗೆ ಹೋದೆ. ಹೆಣದ ಒಂದು ಕಣ್ಣು ಬಾತು ಮುಚ್ಚಿತ್ತು, ತುಟಿ ಸೀಳಿತ್ತು. ಕೊರಳ ಸುತ್ತ ಇದ್ದ ಕಪ್ಪು ಗುರುತು ಉರುಲಿನದೇ ಎಂದರು. ಅವಳ ಗಂಡ ತಂದು ತೋರಿಸಿದ ಸೀರೆ, ಅಕ್ಕನೇ ಕೊಂಡಿ ಹಾಕಿ ಮದುವೆಗೆ ಉಡಿಸಿದ್ದು. ಸೆರಗು ಕೊರಳಿಗೆ, ಇನ್ನೊಂದು ತುದಿ ತೊಲೆಗೆ ಇತ್ತಂತೆ.

ಅಕ್ಕ ಅಳು ನಿಲ್ಲಿಸಿ ಕೊಂಡಿಯನ್ನು ಬೆಳಕಿಗೆ ಹಿಡಿದಳು.

“ಈ ಸೀರಿ ಆಳಿನ ಭಾರ ಹೊತ್ತಿಲ್ಲ. ಹೊತ್ತಿದ್ರ ಕೊಂಡಿ ಜಗ್ಗಿ ಬಾಯಿ ಬಿಡತಿತ್ತು. ಇವರು ಕೊಂದಾರ.”

ಸೀರೆಯನ್ನೂ ಹೆಣದ ಜೊತೆ ಹೂಳುವ ಕುಣಿಗೆ ಹಾಕಲು ಗಂಡನ ಅಣ್ಣ ಕೈಚಾಚಿದ. ಅಕ್ಕ ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತಳು. ಒದ್ದರು, ಜಡೆ ಹಿಡಿದು ಎಳೆದರು, ಏಳಲಿಲ್ಲ. ಠಾಣೆಗೆ ಓಡಿ ಫೌಜದಾರರನ್ನು ಕರೆತಂದವಳು ನಾನೇ. ಆ ದಿನ ನನಗೆ ಧೈರ್ಯವಿತ್ತು.

ಆಗ ಜಿಲ್ಲಾ ಕೋರ್ಟು ವಿಜಾಪುರದಲ್ಲಿತ್ತು. ಅಕ್ಕ ಅಲ್ಲಿ ಸಾಕ್ಷಿ ಹೇಳುವುದಕ್ಕೆ ನಾಲ್ಕು ದಿನ ಮೊದಲು, ಮಟಮಟ ಮಧ್ಯಾಹ್ನ, ಆ ಅಣ್ಣ ಇನ್ನೊಬ್ಬನೊಂದಿಗೆ ಅವಳ ಮನೆಗೆ ನುಗ್ಗಿದ. ನಮ್ಮ ಅಡುಗೆಮನೆಯ ಕಿಟಕಿಯಿಂದ ಅವಳ ಪಡಸಾಲೆ ಕಾಣುತ್ತಿತ್ತು. ಜೊತೆಗೆ ಬಂದವನು ಅವಳ ಬಾಯಿ ಒತ್ತಿ ಹಿಡಿದ. ಅಣ್ಣ ಅವಳ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ರುಬ್ಬುಗುಂಡಿನಿಂದ ಜಜ್ಜಿದ. ಒಂದಾದ ಮೇಲೊಂದು ಬೆರಳು.

“ಈಗ ತೋರಸು ಸಾಹೇಬ್ರಿಗೆ ನಿನ್ನ ಕೊಂಡಿ!”

ಮೂಳೆ ಮುರಿದದ್ದು ನನಗೆ ಕೇಳಿಸಿತು... ಅವನು ತಲೆಯೆತ್ತಿ ಕಿಟಕಿಯತ್ತ ನೋಡಿದ. ಅಕ್ಕನೂ ನೋಡಿದಳು. ನಾನು ಕಿಟಕಿ ಮುಚ್ಚಿಕೊಂಡೆ.

ಫೌಜದಾರರು ಬಂದು ಕೇಳಿದಾಗ, “ಅಡಗಿ ಮಾಡಾಕತ್ತಿದ್ದೆ ರೀ, ಏನೂ ನೋಡಿಲ್ಲ” ಎಂದೆ. ಅತ್ತೆ ಹೇಳಿಕೊಟ್ಟದ್ದೆಂದು ಎಷ್ಟೋ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಕೋರ್ಟಿಗೆ ನಾನು ಹೋಗಲಿಲ್ಲ. ಹೋದವರು ಬಂದು ಹೇಳಿದರು. ಬಲಗೈಗೆ ಪಟ್ಟಿ ಸುತ್ತಿಕೊಂಡು ನಿಂತಿದ್ದಳಂತೆ. ತಾನೇ ಕೊಂಡಿ ಹಾಕಿದ್ದ ಇನ್ನೊಂದು ಸೀರೆ ಒಯ್ದು, “ಇದಕ್ಕ ಜೋಳದ ಚೀಲ ಕಟ್ಟಿ ನೋಡ್ರಿ ಸಾಹೇಬ್ರ” ಎಂದಳಂತೆ. ಕೋರ್ಟಿನ ಪಡಸಾಲೆಯ ತೊಲೆಗೇ ಕಟ್ಟಿದರು. ತಾಸಿನೊಳಗೆ ಕೊಂಡಿ ಜಗ್ಗಿ, ನಡುವೆ ಬೆರಳು ತೂರುವಷ್ಟು ಸಂದಾಯಿತು. ತಂಗಿಯ ಸೀರೆಯನ್ನು ಪಕ್ಕದಲ್ಲಿ ಹರವಿದರೆ, ಒಂದು ಎಳೆಯೂ ಕದಲಿರಲಿಲ್ಲ. ತಂಗಿಯ ಗಂಡನಿಗೆ ಜೀವಾವಧಿಯಾಯಿತು.

ಬೆರಳು ಜಜ್ಜಿದ ಕೇಸು ಮಾತ್ರ ಕಣ್ಣಾರೆ ಕಂಡ ಬೇರೆ ಸಾಕ್ಷಿಯಿಲ್ಲವೆಂದು ಬಿದ್ದುಹೋಯಿತು. ಆ ಅಣ್ಣ ಹುನಗುಂದದಲ್ಲಿ ಮೀಸೆ ತಿರುವಿಕೊಂಡು ಓಡಾಡಿದ. ಅಕ್ಕನ ಬೆರಳು ಮತ್ತೆ ಮಡಚಲಿಲ್ಲ. ಕೊಂಡಿಯ ಕೆಲಸ ಅಲ್ಲಿಗೆ ಮುಗಿಯಿತು. ಕೆರೂರಿನ ಸೋದರತ್ತೆಯ ಮನೆಗೆ ಹೊರಟ ದಿನ ನಮ್ಮ ಬಾಗಿಲಿಗೆ ಬಂದಳು.

“ಸಿಟ್ಟಿಲ್ಲ ಅಂತ ಹೇಳಿ ಹೋಗಾಕ ಬಂದಿಲ್ಲ. ಸಿಟ್ಟೈತಿ,” ಎಂದಳು. “ನೀ ನೋಡಿದಿ. ನಾ ನಿನ್ನ ನೋಡೇನಿ.”



ಹೋದ ವರ್ಷ ಅಕ್ಕ ತೀರಿಕೊಂಡಳಂತೆ. ನನಗೆ ತಿಳಿದದ್ದು ತಿಂಗಳ ಮೇಲೆ. ಇಲ್ಲಿಂದ ಕೆರೂರಿಗೆ ಬಸ್ಸಿನಲ್ಲಿ ತಾಸಿನ ದಾರಿ. ಇಷ್ಟು ವರ್ಷ ಬಸ್ಸುಗಳು ಹೋಗುತ್ತಲೇ ಇದ್ದವು, ನಾನು ಹತ್ತಲಿಲ್ಲ. ಆ ಕೈಯಲ್ಲಿ ರೊಟ್ಟಿ ಮುರಿಯಲು ಅವಳಿಗೆ ಆಗುತ್ತಿತ್ತೋ, ಯಾರಾದರೂ ಮುರಿದು ಕೊಡುತ್ತಿದ್ದರೋ... ಅದೂ ನನಗೆ ಗೊತ್ತಿಲ್ಲ.