ದೇವರಾಜಣ್ಣನ ಡ್ಯೂಟಿ

ದೇವರಾಜಣ್ಣ ಡ್ಯೂಟಿ ಮೇಲೆ ಪ್ರಾಣ ಬಿಟ್ಟರು ಎಂದು ಬಿಡದಿಯ ಸುತ್ತಮುತ್ತ ಈಗಲೂ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ. ದುಃಖಕ್ಕೆ ಎಂದುಕೊಳ್ಳುತ್ತಾರೆ. ನನಗೆ ಆಗುವುದು ನಾಚಿಕೆ, ಮುಖ ಎತ್ತಲಾರದಷ್ಟು.

ಎರಡು ಸಾವಿರದ ಐದು, ಆರರ ಮಾತು. ಬಿಡದಿಯಲ್ಲಿ ನೋಡನೋಡುತ್ತ ಫ್ಯಾಕ್ಟರಿಗಳು ಏಳುತ್ತಿದ್ದವು. ಹೆದ್ದಾರಿ ಅಗಲವಾಗಿತ್ತು, ಅದನ್ನು ದಾಟುವ ಅಭ್ಯಾಸ ಮಾತ್ರ ಜನಕ್ಕೆ ಹಳೆಯದೇ. ರಾಗಿ ಹೊಲದಿಂದ ನೇರ ಬಂದು ಪ್ರೆಸ್ ಮೆಷಿನ್ ಮುಂದೆ ನಿಂತವರ ಬೆರಳುಗಳು ಹೋಗುತ್ತಿದ್ದವು. ಕೆಲವು ಮಾಲೀಕರು ಸೇರಿ ಒಂದು ಆಂಬುಲೆನ್ಸ್ ಇಟ್ಟಿದ್ದರು. ಓಡಿಸುವವರು ಇಮಾಮ್ ಸಾಬ್, ಗಾಡಿಯಲ್ಲಿ ಚಿಕಿತ್ಸೆ ಕೊಡುವವರು ದೇವರಾಜಣ್ಣ, ಅವರ ಕೈಕೆಳಗೆ ಕಲಿಯಲು ಚನ್ನಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದ ನರ್ಸ್ ನಾನು, ರಾಧಾಮಣಿ. ನನಗೆ ಮೂಗಿನ ತುದಿಯಲ್ಲೇ ಕೋಪ. ರೋಗಿಯ ಸುತ್ತ ಮುತ್ತಿಕೊಳ್ಳುವವರನ್ನು ಬೈಯುವುದರಲ್ಲೇ ಅರ್ಧ ಹೊತ್ತು ಕಳೆಯುತ್ತಿದ್ದೆ. "ಬೈಯಾದು ಆಮ್ಯಾಕೆ ಮಡಿಕೊ ಕಣವ್ವ, ಮೊದ್ಲು ನಾಡಿ ಹಿಡಿ" ಎನ್ನುತ್ತಿದ್ದರು ದೇವರಾಜಣ್ಣ.

ಹಳ್ಳಿ ಹತ್ತಿರವಾಗುತ್ತಲೇ ಅವರು ಸೈರನ್ ಆರಿಸಲು ಹೇಳುತ್ತಿದ್ದರು. ಗಾಡಿಯನ್ನು ಮನೆ ಬಾಗಿಲಿಗೆ ಒಯ್ಯದೆ ಹಾಲಿನ ಡೈರಿಯ ಹತ್ತಿರ ನಿಲ್ಲಿಸಿ, ರೋಗಿಯನ್ನು ಹಿತ್ತಲ ದಾರಿಯಲ್ಲಿ ಹೊತ್ತು ತರಬೇಕು. ಇದೆಂಥ ಕಳ್ಳತನ ಎಂದು ನಾನೊಮ್ಮೆ ರೇಗಿದೆ.

"ಆಂಬುಲೆನ್ಸ್ ಬಂದೋದ ಮನೆ ಹೆಣ್ಣ ಯಾರವ್ವ ತಕ್ಕೊಂಡೋಗ್ತಾರೆ? ಆ ಮನೇಲಿ ಕಾಯ್ಲೆ ಐತಂತೆ ಅಂತ ಊರೆಲ್ಲ ಸುದ್ದಿ ಆಯ್ತದೆ" ಎಂದರು.

ಆದರೆ ಹೊರುವ ವಿಷಯದಲ್ಲಿ ಮಾತ್ರ ಯಾರ ಮುಲಾಜೂ ಇರಲಿಲ್ಲ. ನಾನು ಕೆಲಸಕ್ಕೆ ಬಂದ ದಿನವೇ ಕಲಿಸಿದ ಪಾಠ ಅದು. "ಉಸುರಿಗೆ ಒದ್ದಾಡೋರ್ನ ಒಂದೆಜ್ಜೆನೂ ನಡಸ್ಬ್ಯಾಡ. ನಡೀತೀನಿ ಅಂತಾರೆ. ಮಾನಕ್ಕೆ ಅಂಜ್ಕೊಂಡು ಅಂತಾರೆ. ನೀನು ಕೇಳ್ಬ್ಯಾಡ."

ಒಮ್ಮೆ ಎದೆನೋವಿನ ಮುನಿಯಪ್ಪ ಎಂಬ ಯಜಮಾನರು "ನಾನೇನು ಹೆಣ ಅಂದ್ಕಂಡ್ರಾ" ಎಂದು ಎದ್ದೇ ನಿಂತರು. ದೇವರಾಜಣ್ಣ ಕೈ ಮುಗಿದು, "ನಿಮ್ಮುನ್ನ ಹೊರ್ದೆ ಓದ್ರೆ ನನ್ ಕೆಲ್ಸ ಓಯ್ತದೆ ಯಜಮಾನ್ರೆ, ಮಕ್ಕಳೊಂದಿಗ" ಎಂದರು. ಅಯ್ಯೋ ಪಾಪ ಎಂದು ಯಜಮಾನರು ತಾವಾಗಿ ಮಲಗಿದರು. ಆಸ್ಪತ್ರೆ ಮುಟ್ಟುವ ತನಕ ನಮ್ಮ ಮಾಲೀಕರನ್ನು ಬೈಯುತ್ತಲೇ ಇದ್ದರು.

ಇಂಥ ದೇವರಾಜಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಕೆಟ್ಟಿದ್ದವು. ಅದು ಗೊತ್ತಿದ್ದದ್ದು ಹೆಂಡತಿ ಗಂಗಲಕ್ಷ್ಮಮ್ಮನಿಗೆ, ಮಗಳು ಭಾನುಪ್ರಿಯಳಿಗೆ, ಮತ್ತೆ ಇಮಾಮ್ ಸಾಬರಿಗೆ, ನನಗೆ. ವಾರಕ್ಕೆರಡು ಸಲ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಸೂಜಿಯ ಗುರುತು ಕಾಣದಂತೆ ತುಂಬು ತೋಳಿನ ಅಂಗಿ ತೊಟ್ಟು ಮರುದಿನ ಮತ್ತೆ ಗಾಡಿಗೆ. "ಮಗಿನ ಮದ್ವೆ ಒಂದಾಗ್ಲಿ, ಆಮ್ಯಾಕೆ ಬೇಕಾದ್ರೆ ತಮಟೆ ಹೊಡ್ಕೊಂಡು ಸಾರು" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು.

ಬೈರಮಂಗಲದ ಆಚೆಗಿನ ಅವರ ಹಳ್ಳಿಗೆ, ಮಾಗಡಿ ಕಡೆಯ ಗಂಡಿನವರು ಹೆಣ್ಣು ನೋಡಲು ಬರುವುದೆಂದಾಯಿತು. ಮನೆಗೆ ಸುಣ್ಣ ಬಳಿಸುವ ಗಡಿಬಿಡಿಯಲ್ಲಿ ಆ ವಾರ ಅವರು ಡಯಾಲಿಸಿಸ್ ತಪ್ಪಿಸಿದರು. ಮೈಯಲ್ಲಿ ನೀರು ನಿಂತಿತು. ಉಸಿರು ಕಟ್ಟಲು ಶುರುವಾದದ್ದು ಗಂಡಿನವರು ಜಗಲಿಯ ಮೇಲೆ ಕೂತಿದ್ದಾಗಲೇ.

ಭಾನುಪ್ರಿಯ ಹಿತ್ತಲಿನಿಂದ ನನಗೆ ಫೋನ್ ಮಾಡಿದಳು. "ಅಕ್ಕ, ಅಪ್ಪಂಗೆ ಉಸ್ರಾಡಕ್ಕೆ ಆಯ್ತಾ ಇಲ್ಲ. ಡೈರಿ ತಾವ್ಲೇ ನಿಲ್ಸಬೇಕಂತೆ. ಸ್ಟ್ರೆಚರ್ ತರಬ್ಯಾಡಿ ಅಂತಾವ್ರೆ."

ಡೈರಿಯ ಹತ್ತಿರವೇ ನಿಲ್ಲಿಸಿದೆವು. ಕೊಟ್ಟಿಗೆಯ ಹಿಂದಿನಿಂದ ದೇವರಾಜಣ್ಣ ಬಂದರು, ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು. ತುರ್ತು ಕೇಸು ಬಂದಿದೆ, ಹೋಗಿಬರುತ್ತೇನೆ ಎಂದು ಗಂಡಿನವರಿಗೆ ಹೇಳಿ ಹೊರಟಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಗಡಿಯಾರ ನೋಡಿಕೊಳ್ಳುವವರಂತೆ ನಟಿಸುತ್ತಿದ್ದರು.

ಇಮಾಮ್ ಸಾಬ್ ಸ್ಟ್ರೆಚರ್ ಎಳೆದರು. "ಆ ಕಡೆ ಹಿಡ್ಕೊ ರಾಧಮ್ಮ, ಓಡಾನ."

ದೇವರಾಜಣ್ಣ ದೂರದಿಂದಲೇ ನಮ್ಮನ್ನು ದುರುಗುಟ್ಟಿ ನೋಡಿದರು. "ಬ್ಯಾಡ ಸಾಬ್ರೆ, ಜನ ನೋಡ್ತಾವ್ರೆ" ಎಂದು ಇಮಾಮ್ ಸಾಬರ ಕೈ ಹಿಡಿದವಳು ನಾನೇ. ಊರನ್ನೆಲ್ಲ ಗದರಿಸುವವಳು ಆವತ್ತು ಬಾಯಿಗೆ ಬೀಗ ಹಾಕಿಕೊಂಡೆ. ಗುರುವಿನ ಮೇಲಿನ ಗೌರವ ಎಂದುಕೊಂಡಿದ್ದೆ. ಶುದ್ಧ ಹೇಡಿತನ. ಹಾಲು ಹಾಕಲು ಸಾಲು ನಿಂತವರಲ್ಲಿ ಯಾರೋ "ಇವತ್ತೂ ಡ್ಯೂಟಿನಾ ದೇವ್ರಾಜಣ್ಣ?" ಎಂದು ಕೇಳಿದರು. ಅವರು ತಲೆಯಾಡಿಸಿದರು. ಮಾತಾಡುವಷ್ಟು ಉಸಿರಿರಲಿಲ್ಲ.

ಗಾಡಿಯೊಳಗೆ ಆಕ್ಸಿಜನ್ ಹಾಕಿ ಮಲಗಿಸಲು ಹೋದೆ. "ಮಲಗಿಸ್ಬ್ಯಾಡ... ಕೂರ್ಸು" ಎಂದರು. ಆಗಲೂ ಪಾಠ. ಬೆನ್ನಿಗೆ ನಾನೇ ಒರಗಾಗಿ ಕೂತೆ. ಸ್ವಲ್ಪ ಹೊತ್ತಿಗೆ "ಒಪ್ಕಂಡ್ರಂತಾ?" ಎಂದು ಕೇಳಿದರು. ಒಪ್ಪಿದರಂತೆ ಎಂದು ಸುಳ್ಳು ಹೇಳಿದೆ. ಕೆಂಗೇರಿ ಬರುವ ಮೊದಲೇ ಅವರ ತಲೆ ನನ್ನ ಭುಜಕ್ಕೆ ವಾಲಿತು. ಎದೆ ಒತ್ತಿದೆ, ಕೈ ಸೋಲುವ ತನಕ ಒತ್ತಿದೆ. ಹೊತ್ತು ತಂದಿದ್ದರೆ ಉಳಿಯುತ್ತಿದ್ದರೇ? ಡಾಕ್ಟರು ಹೇಳಲಿಲ್ಲ, ನನಗೆ ಕೇಳುವ ಮುಖವೂ ಇರಲಿಲ್ಲ.

ಯೂನಿಫಾರ್ಮಿನಲ್ಲಿ, ಆಂಬುಲೆನ್ಸಿನೊಳಗೆ ಹೋದ ಜೀವ. ಡ್ಯೂಟಿ ಮೇಲೆ ಹೋದರು ಎಂದು ಊರು ತಾನಾಗಿಯೇ ತೀರ್ಮಾನಿಸಿತು. ನಾವು ಯಾರೂ ತಿದ್ದಲಿಲ್ಲ. ಮಣ್ಣು ಮುಗಿದ ಮೇಲೆ ಗಂಗಲಕ್ಷ್ಮಮ್ಮ ನನ್ನ ಕೈ ಹಿಡಿದುಕೊಂಡು, "ಅವ್ರ ಮಾನ ಉಳಿಸ್ಬುಟ್ಟೆ ಕಣವ್ವ" ಎಂದರು. ಕೈ ಕಿತ್ತುಕೊಂಡು ಓಡಿಹೋಗೋಣ ಎನ್ನಿಸಿತು.

ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಮದುವೆಯಾಗಬೇಕೆಂದು ಹಿರಿಯರು ಅವಸರ ಮಾಡಿದರು. ಅದೇ ಗಂಡು. ಧಾರೆ ಮುಗಿದ ಮೇಲೆ ಗಂಡಿನ ತಂದೆ ನನ್ನನ್ನು ಕರೆಸಿ, ನೆಂಟರ ಮಧ್ಯೆ ಕುರ್ಚಿ ಹಾಕಿಸಿ ಕೂರಿಸಿದರು.

"ಕಡೇ ಗಳ್ಗೇಲಿ ಜೊತ್ಗಿದ್ದ ತಾಯಿ ಇವ್ರೇ ಕಣ್ರಪ್ಪ. ನಮ್ ಮುಂದೆನೇ ಎದ್ದೋದ್ರು ಪುಣ್ಯಾತ್ಮ, ಕಾಪಿನೂ ಕುಡೀನಿಲ್ಲ. ಅಂಥೋರ ಮನೆ ಹೆಣ್ಣು ತಂದಿವ್ನಿ ನಾನು." ಆಮೇಲೆ ನನ್ನ ಕಡೆ ತಿರುಗಿದರು. "ಅದ್ಸರಿ, ಅವತ್ತು ಯಾರುನ್ನ ಕರ್ಕೊಂಡೋಯ್ತಿದ್ರವ್ವ?"

"ಕಿಡ್ನಿ ಕೆಟ್ಟೋರು ಒಬ್ರು, ಗೌಡ್ರೆ."

ಹಸೆಮಣೆಯ ಮೇಲಿದ್ದ ಭಾನುಪ್ರಿಯ ತಲೆಯೆತ್ತಿ ನನ್ನನ್ನೇ ನೋಡಿದಳು.

"ಉಳ್ಕಂಡ್ರಾ?"

"ಇಲ್ಲ. ನಡ್ಕೊಂಡೇ ಬತ್ತೀನಿ ಅಂದ್ರು. ನಡೆಸ್ಬುಟ್ಟೆ."

ಗೌಡರು ಲೊಚಗುಟ್ಟಿದರು. "ದೇವ್ರಾಜಣ್ಣ ಜೊತ್ಗಿದ್ರಲ್ಲವ್ವ, ನಡಸ್ಬ್ಯಾಡ ಅನ್ನಿಲ್ವಾ?"

"ಅಂದಿದ್ರು ಗೌಡ್ರೆ" ಎಂದೆ. "ನಾನೇ ಕೇಳ್ನಿಲ್ಲ."